‘ದ ಟೆರರ್ ಆಫ್ ಟೈನಿ ಟೌನ್’: ಒಂದೇ ಜೋಕ್ ನಂಬ್ಕೊಂಡು ತೆಗೆದ ಕೌಬಾಯ್ ಸಿನಿಮಾದ ಕೇಸ್ ಸ್ಟಡಿ

ಕೆಟ್ಟ ಸಿನಿಮಾಗಳ ಪಟ್ಟಿ ಯಾರು ಮಾಡಿದ್ರೂ 1938ರ ‘ದ ಟೆರರ್ ಆಫ್ ಟೈನಿ ಟೌನ್’ ಹೆಸರು ಅದ್ರಲ್ಲಿ ಎಲ್ಲೋ ಒಂದ್ಕಡೆ ಇದ್ದೇ ಇರುತ್ತೆ. ಯಾಕೆ ಅಂತ ಕೇಳಿದ್ರೆ ಎಲ್ರದ್ದೂ ಒಂದೇ ಉತ್ರ, ‘ಪೂರ್ತಿ ಕುಬ್ಜ ಕಲಾವಿದರನ್ನೇ ಹಾಕಿ ತೆಗೆದ ಕೌಬಾಯ್ ಸಿನಿಮಾ ಗುರೂ, ಅದ್ರಲ್ಲಿ ಹಾಡು ಬೇರೆ!’ ಅಂದ್ರೆ ಆ ಕಲಾವಿದರು ಇರೋದೇ ತಪ್ಪು ಅನ್ನೋ ಹಾಗೆ. ಈ ತೀರ್ಪು ನಂಗೆ ಸರಿ ಅನ್ಸಲ್ಲ. ಸಿನಿಮಾ ನಿರಾಸೆ ಮಾಡುತ್ತೆ, ಅದ್ರಲ್ಲಿ ಡೌಟೇ ಇಲ್ಲ, ಬರೀ 62 ನಿಮಿಷ ಇದ್ರೂ ಅರ್ಧಕ್ಕೆ ಬರೋಷ್ಟರಲ್ಲಿ ಆಕಳಿಕೆ ಬರುತ್ತೆ. ಆದ್ರೆ ಅದಕ್ಕೆ ಕಾರಣ ಪರದೆ ಮೇಲೆ ಇರೋರಲ್ಲ. ಕಲಾವಿದರನ್ನ ಹುಡುಕಿ ತಂದ್ಮೇಲೆ ಇನ್ನು ನಮ್ಮ ಕೆಲಸ ಮುಗೀತು ಅಂತ ಕೈ ಒರೆಸ್ಕೊಂಡ್ರಲ್ಲ ಸಿನಿಮಾ ಮಾಡಿದೋರು, ಅವರು. ಅದು ಹೇಗೆ ಅನ್ನೋದನ್ನೇ ಇಲ್ಲಿ ಬಿಡಿಸಿ ನೋಡೋಣ.

ಮೊದ್ಲು ಆ ಕಾಲದ ವ್ಯಾಪಾರ ಹೇಗಿತ್ತು ಅಂತ ತಿಳ್ಕೋಬೇಕು, ಇಲ್ಲಾಂದ್ರೆ ಇಂಥದ್ದೊಂದು ಸಿನಿಮಾ ತೆಗೀಬೇಕು ಅಂತ ಯಾರಿಗಾದ್ರೂ ಹೊಳೆದಿದ್ದಾದ್ರೂ ಹೇಗೆ ಅನ್ನೋದೇ ಅರ್ಥ ಆಗಲ್ಲ. 1930ರ ದಶಕ, ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ, ಜನ್ರ ಹತ್ರ ದುಡ್ಡಿಲ್ಲ, ಥಿಯೇಟರ್‌ನವರು ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸೋಕೆ ಶುರು ಮಾಡಿದ್ರು. ದೊಡ್ಡ ಸ್ಟಾರ್ ಇರೋ ಒಂದು ಸಿನಿಮಾ, ಅದ್ರ ಜೊತೆ ಗಂಟೆ ಹೊತ್ತಿನ ಒಂದು ಚೀಪ್ ಸಿನಿಮಾ, ಈ ಎರಡನೇದೇ ಬಿ ಪಿಕ್ಚರ್. ಶನಿವಾರ ಮಧ್ಯಾಹ್ನದ ಮ್ಯಾಟಿನಿ ಅಂದ್ರಂತೂ ಪೂರ್ತಿ ಮಕ್ಕಳದ್ದೇ ರಾಜ್ಯ, ಹತ್ತು ಸೆಂಟ್ ಆಸುಪಾಸು ಟಿಕೆಟ್, ಒಂದು ಕಾರ್ಟೂನು, ವಾರವಾರ ಥಿಯೇಟರ್‌ನಲ್ಲೇ ಕಂತಾಗಿ ತೋರಿಸೋ ಸೀರಿಯಲ್‌ದು ಒಂದು ಕಂತು, ಆಮೇಲೆ ಕುದುರೆ ಮೇಲೆ ಗುಂಡು ಹಾರಿಸ್ಕೊಂಡು ಓಡೋ ಹೀರೋ. ದೊಡ್ಡ ಸಿನಿಮಾಗಳಿಗೆ ಕಲೆಕ್ಷನ್‌ನಲ್ಲಿ ಪರ್ಸೆಂಟೇಜ್ ಸಿಗ್ತಿತ್ತು, ಬಿ ಪಿಕ್ಚರ್‌ಗೆ ಮಾತ್ರ ಫಿಕ್ಸೆಡ್ ಬಾಡಿಗೆ. ಹೌಸ್‌ಫುಲ್ ಆದ್ರೂ ಅಷ್ಟೇ, ಹಾಲ್ ಖಾಲಿ ಹೊಡೆದ್ರೂ ಅಷ್ಟೇ. ಚಿಕ್ಕಪುಟ್ಟ ನಿರ್ಮಾಪಕರು ತಮ್ಮ ಸಿನಿಮಾನ ಒಂದೊಂದು ಪ್ರಾಂತ್ಯದ ಹಂಚಿಕೆದಾರರಿಗೆ ಬೇರೆಬೇರೆ ಮಾರ್ತಿದ್ರು, ನಮ್ಮ ಗಾಂಧಿನಗರದಲ್ಲಿ ಬಿಕೆಟಿ (ಬೆಂಗಳೂರು, ಕೋಲಾರ, ತುಮಕೂರು) ಏರಿಯಾ ಅಂತೆಲ್ಲ ಹಂಚಿ ಮಾರ್ತಾರಲ್ಲ, ಹೆಚ್ಚುಕಮ್ಮಿ ಅದೇ ಪದ್ಧತಿ.

ಈ ಲೆಕ್ಕದಲ್ಲಿ ಒಂದು ಪಾಯಿಂಟ್ ಗಮನಿಸಿ. ಎಷ್ಟು ಬರುತ್ತೆ ಅನ್ನೋದು ಮೊದ್ಲೇ ಹೆಚ್ಚುಕಮ್ಮಿ ಗೊತ್ತಿದ್ರೆ ಲಾಭ ಮಾಡೋಕೆ ಇರೋ ದಾರಿ ಒಂದೇ, ಖರ್ಚು ಇಳಿಸೋದು. ಸಿನಿಮಾ ಚೆನ್ನಾಗಿ ಮಾಡಿದ್ರೆ ಜಾಸ್ತಿ ಏನೂ ಬರಲ್ಲ, ಬೇಗ ಮುಗಿಸಿದ್ರೆ ಮಾತ್ರ ಉಳಿಯುತ್ತೆ. ಹಾಲಿವುಡ್‌ನ ಸನ್‌ಸೆಟ್ ಬುಲೆವಾರ್ಡ್ ಮತ್ತೆ ಗೋವರ್ ಸ್ಟ್ರೀಟ್ ಸೇರೋ ಜಾಗದ ಸುತ್ತಮುತ್ತ ಇಂಥ ಚಿಕ್ಕ ಕಂಪನಿಗಳು ತುಂಬಿದ್ವು, ಪಾವರ್ಟಿ ರೋ, ಅಂದ್ರೆ ಬಡತನದ ಸಾಲು, ಅಂತ್ಲೇ ಕರೀತಿದ್ರು. ಕೌಬಾಯ್ ಡ್ರೆಸ್ ಹಾಕ್ಕೊಂಡು ಇವತ್ತಾದ್ರೂ ಎಕ್ಸ್‌ಟ್ರಾ ಪಾತ್ರ ಸಿಗುತ್ತಾ ಅಂತ ಕಾಯ್ತಾ ನಿಲ್ಲೋರಿಂದಾಗಿ ಆ ಮೂಲೆಗೆ ಗೋವರ್ ಗಲ್ಚ್ ಅಂತ ಇನ್ನೊಂದು ಹೆಸರೂ ಬಂತು. ಒಂದೆರಡು ವಾರದೊಳಗೆ ಶೂಟಿಂಗ್ ಮುಗಿಸೋದು ಅಲ್ಲಿ ಮಾಮೂಲಿ.

ಎಲ್ರೂ ಅದೇ ಕಥೆ, ಅದೇ ಬೆಟ್ಟ, ಅದೇ ಬಾಡಿಗೆ ಊರು ಇಟ್ಕೊಂಡು ಸಿನಿಮಾ ಮಾಡ್ತಿದ್ರೆ ಬೇರೆ ಥರ ಕಾಣೋಕೆ ಏನಾದ್ರೂ ಒಂದು ಬೇಕಲ್ಲ. 1935ರಲ್ಲಿ ಜೀನ್ ಆಟ್ರಿ ಅನ್ನೋ ಹಾಡೋ ಕೌಬಾಯ್ ನಟ ಬಂದ್ಮೇಲೆ ಆ ‘ಏನಾದ್ರೂ’ ಅಂದ್ರೆ ಹಾಡು ಅಂತಾಯ್ತು. ಟೆಕ್ಸ್ ರಿಟರ್ ಬಂದ್ರು, ಫ್ರೆಡ್ ಸ್ಕಾಟ್ ಬಂದ್ರು, 1938ಕ್ಕೆ ರಾಯ್ ರೋಜರ್ಸ್ ಬಂದ್ರು, ಕೊನೆಗೆ ಹಾಡದೇ ಇರೋ ಕೌಬಾಯ್‌ನ ಹುಡುಕ್ಬೇಕು ಅನ್ನೋ ಪರಿಸ್ಥಿತಿ. ಆ ಫ್ರೆಡ್ ಸ್ಕಾಟ್ ಸಿನಿಮಾಗಳನ್ನ ಮಾಡ್ತಿದ್ದೋರಲ್ಲಿ ಜೆಡ್ ಬ್ಯೂಲ್ ಅನ್ನೋ ನಿರ್ಮಾಪಕ ಒಬ್ಬ. ನಮ್ಮ ಕೇಸ್‌ನ ಮುಖ್ಯ ವ್ಯಕ್ತಿ ಇವನೇ.

ಬ್ಯೂಲ್ ದಡ್ಡ ಅಲ್ಲ, ಯಾವುದು ಹೊಸದಾಗಿ ಕಾಣುತ್ತೆ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿತ್ತು. ‘ಟೈನಿ ಟೌನ್’ಗೆ ಒಂದು ವರ್ಷ ಮುಂಚೆ, 1937ರಲ್ಲಿ, ಅವನೇ ‘ಹಾರ್ಲೆಮ್ ಆನ್ ದ ಪ್ರೇರಿ’ ಅನ್ನೋ ಸಿನಿಮಾ ಮಾಡಿದ್ದ, ಪೂರ್ತಿ ಕಪ್ಪು ಕಲಾವಿದರ ಹಾಡಿನ ಕೌಬಾಯ್ ಸಿನಿಮಾ, ಹೀರೋ ಹರ್ಬ್ ಜೆಫ್ರೀಸ್ ಅನ್ನೋ ಜ್ಯಾಝ್ ಗಾಯಕ. ಅದಕ್ಕೂ ಇದಕ್ಕೂ ನಿರ್ಮಾಪಕ ಒಬ್ನೇ, ನಿರ್ದೇಶನ ಎರಡಕ್ಕೂ ಸ್ಯಾಮ್ ನ್ಯೂಫೀಲ್ಡ್, ಐಡಿಯಾನೂ ಮೇಲ್ನೋಟಕ್ಕೆ ಒಂದೇ ಥರ, ‘ಯಾರೂ ಹಾಕದೇ ಇರೋರನ್ನ ಹಾಕೋಣ.’ ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ. ಆ ಸಿನಿಮಾದ ಐಡಿಯಾ ಬ್ಯೂಲ್‌ದಲ್ಲ, ಜೆಫ್ರೀಸ್‌ದು. ಬ್ಯಾಂಡ್ ಜೊತೆ ದಕ್ಷಿಣದ ರಾಜ್ಯಗಳಲ್ಲಿ ಸುತ್ತುವಾಗ ಕಪ್ಪು ಜನ್ರಿಗೆ ಅಂತ ಪ್ರತ್ಯೇಕ ಇಟ್ಟಿದ್ದ ಥಿಯೇಟರ್‌ಗಳಲ್ಲಿ ಮಕ್ಕಳು ಬಿಳೀ ಕೌಬಾಯ್‌ಗಳ ಸಿನಿಮಾನೇ ನೋಡ್ತಾ ಕೂತಿರೋದನ್ನ ಅವರು ನೋಡಿದ್ರು, ಈ ಮಕ್ಕಳಿಗೆ ತಮ್ಮವರೇ ಒಬ್ಬ ಹೀರೋ ಯಾಕಿರಬಾರದು ಅಂತ ಬ್ಯೂಲ್ ಹತ್ರ ಹೋದ್ರು. ಅಲ್ಲಿ ಸಿನಿಮಾಗಿಂತ ಮೊದ್ಲೇ ಪ್ರೇಕ್ಷಕ ಇದ್ದ. ಅದಕ್ಕೇ ಬ್ಯೂಲ್ ಕೈಬಿಟ್ಟ ಮೇಲೂ ಬೇರೆಯವರ ಜೊತೆ ಇನ್ನೂ ಮೂರು ಸಿನಿಮಾ ಆಗಿ ‘ಬ್ರಾಂಝ್ ಬಕರೂ’ (ಕಂಚಿನ ಬಣ್ಣದ ಕೌಬಾಯ್) ಅನ್ನೋ ಹೆಸರು ಜೆಫ್ರೀಸ್‌ಗೆ ಕೊನೇವರೆಗೂ ಉಳೀತು, 2014ರಲ್ಲಿ ಅವರು ತೀರಿಕೊಂಡಾಗ ಕೂಡ ಪೇಪರ್‌ಗಳು ನೆನಪು ಮಾಡ್ಕೊಂಡಿದ್ದು ಆ ಹೆಸರನ್ನೇ.

ಈಗ ‘ಟೈನಿ ಟೌನ್’ ಹುಟ್ಟಿದ ಕಥೆ. ಆಫೀಸಲ್ಲಿ ಖರ್ಚು ಕಡಿತದ ಮಾತು ನಡೀತಿದ್ದಾಗ ಯಾರೋ ‘ಹೀಗೇ ಉಳಿತಾಯ ಮಾಡ್ತಾ ಹೋದ್ರೆ ಕುಬ್ಜರನ್ನ ಹಾಕಿ ಸಿನಿಮಾ ಮಾಡ್ಬೇಕಾಗುತ್ತೆ’ ಅಂತ ತಮಾಷೆ ಮಾಡಿದ್ರಂತೆ, ಬ್ಯೂಲ್ ಅದನ್ನೇ ಸೀರಿಯಸ್ಸಾಗಿ ತಗೊಂಡನಂತೆ. ಪಬ್ಲಿಸಿಟಿಗೆ ಅಂತ ಕಟ್ಟಿದ ಕಥೆ ಇದ್ರೂ ಇರ್ಬೋದು, ಆ ಕಾಲದ ನಿರ್ಮಾಪಕರ ಬಾಯಿಂದ ಬಂದಿದ್ದನ್ನ ಪೂರ್ತಿ ನಂಬೋ ಹಾಗಿಲ್ಲ. ಆದ್ರೆ ಸಿನಿಮಾ ನೋಡಿದ್ರೆ ಹುಟ್ಟಿದ್ದು ಹಾಗೇ ಅಂತ ನಂಬೋದು ಕಷ್ಟ ಏನಲ್ಲ, ಯಾಕಂದ್ರೆ ಒಂದು ಗಂಟೆ ಕೂಡ ಅದು ಆ ಆಫೀಸ್ ಜೋಕ್‌ಗಿಂತ ಒಂದು ಹೆಜ್ಜೆ ಮುಂದೆ ಹೋಗಲ್ಲ. ಇದನ್ನ ಬೇಕು ಅಂತ ಕೇಳಿದ ಪ್ರೇಕ್ಷಕ ಯಾರೂ ಇರ್ಲಿಲ್ಲ. ಆ ಕಲಾವಿದರೂ ‘ನಮ್ಮ ಕಥೆ ಹೀಗಿರ್ಲಿ’ ಅಂತ ಕೇಳ್ಕೊಂಡು ಬಂದೋರಲ್ಲ.

ಸುಮಾರು ಅರವತ್ತು ಜನ ಸೇರಿದ್ರು. ಕೆಲವರು ಲಿಯೋಪೋಲ್ಡ್ ಫಾನ್ ಸಿಂಗರ್ ಅನ್ನೋ ಆಸ್ಟ್ರಿಯಾದ ಮ್ಯಾನೇಜರ್ ನಡೆಸ್ತಿದ್ದ ಹೆಸರಾಂತ ಕುಬ್ಜರ ಟ್ರೂಪ್‌ನವರು, ಕೆಲವರು ವಾಡೆವಿಲ್, ಅಂದ್ರೆ ಹಾಡು-ಡ್ಯಾನ್ಸು-ಕಾಮಿಡಿ ಸೇರಿದ ಸ್ಟೇಜ್ ಶೋಗಳವರು. ಹೊಸಬರಲ್ಲ ಇವರು, ಹಾಡು, ಡ್ಯಾನ್ಸು, ಕಾಮಿಡಿ ಎಲ್ಲ ಮಾಡಿ ಪಳಗಿದ ವೃತ್ತಿಪರ ಕಲಾವಿದರು. ಹೀರೋ ಬಕ್ ಲಾಸನ್ ಆಗಿ ಬಿಲಿ ಕರ್ಟಿಸ್, ವಿಲನ್ ಬ್ಯಾಟ್ ಹೇನ್ಸ್ ಆಗಿ ಲಿಟಲ್ ಬಿಲಿ ರೋಡ್ಸ್, ಹೀರೋಯಿನ್ ನ್ಯಾನ್ಸಿ ಆಗಿ ಇವಾನ್ ಮೊರೇ, ಸಲೂನ್‌ನಲ್ಲಿ (ಕ್ಷೌರದಂಗಡಿ ಅಲ್ಲ, ಕೌಬಾಯ್ ಊರಿನ ಬಾರ್) ಹಾಡೋ ಹುಡುಗಿ ಪಾತ್ರಕ್ಕೆ ನೀಟಾ ಕ್ರೆಬ್ಸ್, ಅಡುಗೆಯವನ ಪಾತ್ರಕ್ಕೆ ಚಾರ್ಲಿ ಬೆಕರ್.

ಸಿನಿಮಾ ಶುರುವಾಗೋದೇ ಒಂದು ತಪ್ಪು ಹೆಜ್ಜೆಯಿಂದ. ಮಾಮೂಲಿ ಎತ್ತರದ ಒಬ್ಬ ಸೂಟುಬೂಟಿನ ವ್ಯಕ್ತಿ ಪರದೆ ಮುಂದೆ ಬಂದು ನಿಂತು, ಇದು ಇಂಥವರನ್ನೇ ಹಾಕಿ ತೆಗೆದಿರೋ ಮೊಟ್ಟಮೊದಲ ಸಿನಿಮಾ ಅಂತ ಅನೌನ್ಸ್ ಮಾಡ್ತಾನೆ. ಆಗ ಹೀರೋ ಓಡಿಬಂದು ನಾನೇ ಸ್ಟಾರ್ ಅಂತಾನೆ, ಹಿಂದೇನೇ ವಿಲನ್ ಬಂದು ಇಲ್ಲ ನಾನು ಅಂತಾನೆ, ಇಬ್ರೂ ಕಿತ್ತಾಡ್ತಾರೆ. ಸೀನ್ ಒಂದೇ ನೋಡಿದ್ರೆ ನಗು ಬರುತ್ತೆ, ಲಿಟಲ್ ಬಿಲಿ ಆ ಗತ್ತಲ್ಲಿ ಮಾತಾಡೋದು ಸೂಪರ್. ಆದ್ರೆ ಕಥೆ ಶುರುವಾಗೋಕೆ ಮುಂಚೆನೇ ‘ಇದನ್ನ ಕಥೆ ಅಂತ ನಂಬ್ಬೇಡಿ, ಪ್ರದರ್ಶನ ಅಂತ ನೋಡಿ’ ಅಂತ ಹೇಳಿಬಿಟ್ಟ ಹಾಗಾಯ್ತಲ್ಲ. ಅದೂ ಯಾರ ಬಾಯಲ್ಲಿ? ಮಾಮೂಲಿ ಎತ್ತರದವನ ಬಾಯಲ್ಲಿ, ಸರ್ಕಸ್ ಡೇರೆ ಮುಂದೆ ನಿಂತು ಕೂಗೋನ ಥರ.

ಕಥೆ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ಲಾಸನ್ ಮನೆತನ, ಪ್ರೆಸ್ಟನ್ ಮನೆತನ, ಬ್ಯಾಟ್ ಹೇನ್ಸ್ ಗ್ಯಾಂಗ್ ದನ ಕದ್ದು ಇಬ್ಬರಿಗೂ ಜಗಳ ಹಚ್ಚುತ್ತೆ, ಈ ಮನೆ ಹುಡುಗ ಆ ಮನೆ ಹುಡುಗಿ ಲವ್ ಮಾಡ್ತಾರೆ, ಕೊಲೆ ಆಗುತ್ತೆ, ತಪ್ಪು ಹೀರೋ ಮೇಲೆ ಬರುತ್ತೆ, ಕೊನೇಲಿ ಗುಡಿಸಲು ಡೈನಮೈಟ್‌ಗೆ ಉಡೀಸ್, ವಿಲನ್ನೂ ಉಡೀಸ್. ಆ ವರ್ಷ ಬಂದ ಬಿ ವೆಸ್ಟರ್ನ್‌ಗಳಲ್ಲಿ, ಅಂದ್ರೆ ಕೌಬಾಯ್ ಬಿ ಪಿಕ್ಚರ್‌ಗಳಲ್ಲಿ, ಯಾವುದನ್ನಾದ್ರೂ ತಗೊಳ್ಳಿ, ಕಥೆ ಇದ್ರ ಆಸುಪಾಸಲ್ಲೇ ಇರುತ್ತೆ. ತಪ್ಪೇನಿಲ್ಲ, ಮ್ಯಾಟಿನಿ ಮಕ್ಕಳು ಹೊಸ ಕಥೆ ಕೇಳ್ತಿರ್ಲಿಲ್ಲ.

ನಾನು ಈ ಕೇಸ್‌ನ ಕೀಲಿಕೈ ಅಂದ್ಕೊಂಡಿರೋದು ಒಂದು ಬಾಗ್ಲು. ಸಲೂನ್‌ಗೆ ಎರಡು ರೆಕ್ಕೆ ಥರ ತೂಗಾಡೋ ಬಾಗ್ಲು ಇರುತ್ತಲ್ಲ, ಪ್ರತೀ ಕೌಬಾಯ್ ಸಿನಿಮಾದಲ್ಲೂ ಹೀರೋ ಎರಡೂ ಕೈಲಿ ತಳ್ಕೊಂಡು ಒಳಗೆ ಬರ್ತಾನೆ, ಪಿಯಾನೋ ನಿಲ್ಲುತ್ತೆ, ಎಲ್ರೂ ತಿರುಗಿ ನೋಡ್ತಾರೆ. ಇಲ್ಲಿ ಪಾತ್ರಗಳು ಆ ಬಾಗ್ಲ ಕೆಳಗಿಂದ ನಡ್ಕೊಂಡು ಒಳಗೆ ಹೋಗ್ತಾರೆ. ಮೊದಲ ಸಲ ನಗು. ಆಮೇಲೆ ಒಂದು ಪ್ರಶ್ನೆ ತಲೆ ತಿನ್ನೋಕೆ ಶುರುವಾಗುತ್ತೆ: ಈ ಊರು ಅವರದ್ದೇ, ಅಂಗಡಿ ಅವರದ್ದು, ಶೆರಿಫ್ (ಊರಿನ ಪೊಲೀಸ್ ಅಧಿಕಾರಿ) ಅವರವನು, ಕಥೆಯೊಳಗೆ ದೊಡ್ಡ ಎತ್ತರದ ಒಬ್ಬ ಮನುಷ್ಯನೂ ಕಾಣಲ್ಲ, ಹಾಗಿದ್ಮೇಲೆ ಆ ಬಾಗ್ಲನ್ನ ಅಷ್ಟು ಎತ್ತರಕ್ಕೆ ಕೂರಿಸಿದ್ದು ಯಾರು, ಯಾರಿಗೋಸ್ಕರ? ಬೀರ್ ಮಗ್ ಕೈಗೆ ದೊಡ್ಡದು, ಸಾಮಾನು ತೆಗೀಬೇಕು ಅಂದ್ರೆ ಕಪಾಟು ಹತ್ಬೇಕು. ಆದ್ರೆ ಓಡಾಡೋಕೆ ಮಾತ್ರ ಶೆಟ್ಲೆಂಡ್ ತಳಿ ಕುಳ್ಳ ಕುದುರೆ, ಅದು ಅವರ ಅಳತೆಗೇ ಸರಿಯಾಗಿದೆ. ಅಂದ್ರೆ ಈ ಊರು ಅವರ ಅಳತೆಗೆ ಕಟ್ಟಿದ್ದೋ, ಅಲ್ವೋ? ಸಿನಿಮಾಗೇ ಗೊತ್ತಿಲ್ಲ.

ನಿಜವಾದ ಉತ್ರ ಸಿಂಪಲ್: ದುಡ್ಡು. ಕುಳ್ಳ ಕುದುರೆ ಬಾಡಿಗೆಗೆ ಸಿಗುತ್ತೆ, ಕುಳ್ಳ ಊರು ಸಿಗಲ್ಲ, ಅದನ್ನ ಕಟ್ಟಿಸ್ಬೇಕು. ಇರೋ ಸೆಟ್‌ನಲ್ಲೇ ಶೂಟ್ ಮಾಡಿ ಆ ಅಳತೆ ವ್ಯತ್ಯಾಸವನ್ನೇ ಕಾಮಿಡಿ ಅಂತ ಮಾರಿಬಿಟ್ರೆ ಕಾರ್ಪೆಂಟರ್ ಖರ್ಚೂ ಉಳೀತು, ಜೋಕೂ ಫ್ರೀಯಾಗಿ ಸಿಕ್ತು. ಬಜೆಟ್ ತೀರ್ಮಾನ ಮಾಡಿದ್ದು ಬರೀ ಸೆಟ್‌ನ ಅಲ್ಲ, ನೋಡೋ ದೃಷ್ಟಿಯನ್ನೂ ಅದೇ ತೀರ್ಮಾನ ಮಾಡ್ತು. ಊರು ಅವರ ಅಳತೇದಾಗಿದ್ರೆ ಹತ್ತು ನಿಮಿಷದಲ್ಲಿ ನಾವು ಎತ್ತರವನ್ನ ಮರೆತು ಬಕ್ ಮತ್ತೆ ಬ್ಯಾಟ್ ನಡುವಿನ ಜಗಳ ನೋಡ್ತಾ ಇರ್ತಿದ್ವಿ. ಬಾಗ್ಲು ದೊಡ್ಡದಿರೋದ್ರಿಂದ ಪ್ರತೀ ಸೀನಲ್ಲೂ ನಮಗೆ ಅದನ್ನೇ ನೆನಪಿಸ್ತಾ ಇರ್ತಾರೆ, ಮರೆಯೋಕೆ ಬಿಡಲ್ಲ. ಆ ಕಡೆ ಕಥೆ ಮಾತ್ರ ‘ಸೀರಿಯಸ್ಸಾಗಿ ತಗೊಳ್ಳಿ, ಕೊಲೆ ಆಗಿದೆ, ಹೀರೋನ ನೇಣಿಗೆ ಹಾಕ್ತಿದ್ದಾರೆ’ ಅಂತಿರುತ್ತೆ. ಎರಡು ದೋಣಿ ಮೇಲೆ ಕಾಲಿಟ್ಟ ಸಿನಿಮಾ ಅಂದ್ರೆ ಇದೇ.

ಪೂರ್ತಿ ಹುಚ್ಚಾಟವಾಗಿದ್ರೂ ಒಂದು ಲೆಕ್ಕ. ಕ್ಷೌರದಂಗಡಿ ಸೀನಲ್ಲಿ ಒಂದು ಪೆಂಗ್ವಿನ್ ಇದೆ. ಹೌದು, ಪೆಂಗ್ವಿನ್, ಅಮೆರಿಕದ ಪಶ್ಚಿಮದಲ್ಲಿ. ಯಾಕೆ ಅಂತ ಯಾರೂ ಹೇಳಲ್ಲ, ಮುಂದೆ ಅದ್ರ ಪ್ರಸ್ತಾಪಾನೂ ಇಲ್ಲ. ನಂಗೆ ಇಡೀ ಸಿನಿಮಾದಲ್ಲಿ ಇಷ್ಟ ಆದ ಕ್ಷಣಗಳಲ್ಲಿ ಅದೂ ಒಂದು, ಯಾಕಂದ್ರೆ ಅಲ್ಲಿ ಎತ್ತರದ ಜೋಕ್ ಬಿಟ್ಟು ಬೇರೇನೋ ಇದೆ! ಚಾರ್ಲಿ ಬೆಕರ್ ಅಡುಗೆಗೆ ಅಂತ ಬಾತುಕೋಳಿ ಹಿಡಿಯೋಕೆ ಹೋಗಿ ಅದ್ರ ಕೈಲಿ ಸೋಲೋದೂ ಅಷ್ಟೇ, ಯಾರು ಮಾಡಿದ್ರೂ ನಗು ಬರೋ ಕಾಮಿಡಿ, ಅವರು ಮಾಡಿದ್ದಕ್ಕೆ ಇನ್ನೂ ಚೆನ್ನಾಗಿದೆ. ಇಂಥದ್ದು ಇನ್ನೂ ಇದ್ದಿದ್ರೆ ಅಂತ ಅನ್ಸುತ್ತೆ, ಇಲ್ಲ.

ನಿರ್ದೇಶಕ ನ್ಯೂಫೀಲ್ಡ್ ಬಗ್ಗೆ ಒಂದು ಮಾತು. ಈ ಮನುಷ್ಯ ಜೀವಮಾನದಲ್ಲಿ 200ಕ್ಕೂ ಹೆಚ್ಚು ಸಿನಿಮಾ ಮಾಡಿದಾನೆ, ಆಮೇಲೆ ಅಣ್ಣ ಸಿಗ್ಮಂಡ್ ನ್ಯೂಫೆಲ್ಡ್ ಪಿಆರ್‌ಸಿ ಅನ್ನೋ ಕಂಪನೀಲಿ ನಿರ್ಮಾಪಕ ಆಗಿದ್ದಾಗ ಒಂದೇ ಹೆಸರು ಎಷ್ಟು ಸಲ ಕಾಣೋದು ಅಂತ ಶರ್ಮನ್ ಸ್ಕಾಟ್, ಪೀಟರ್ ಸ್ಟುವರ್ಟ್ ಅಂತ ಬೇರೆ ಹೆಸರುಗಳನ್ನೂ ಹಾಕ್ಕೊಂಡಿದ್ದ. ಅಷ್ಟು ಸ್ಪೀಡಲ್ಲಿ ಕೆಲಸ ಮಾಡೋನಿಗೆ ಕ್ಯಾಮೆರಾನ ಕಲಾವಿದರ ಕಣ್ಣಿನ ಮಟ್ಟಕ್ಕೆ ಇಳಿಸಿ ಊರನ್ನ ಅವರ ಹಾಗೆ ನೋಡೋಣ ಅಂತ ಯೋಚಿಸೋಕೆ ಪುರುಸೊತ್ತು ಎಲ್ಲಿಂದ ಬರ್ಬೇಕು. ಸೌಂಡೂ ಹಾಗೇ. ಕಲಾವಿದರಲ್ಲಿ ಕೆಲವರು ಯುರೋಪಿಂದ ಬಂದೋರು, ಇಂಗ್ಲಿಷ್ ಅವರ ಮನೆಮಾತಲ್ಲ, ದನಿ ತೆಳು, ಸ್ವಲ್ಪ ಟೈಮ್ ಕೊಟ್ಟು ಇನ್ನೊಂದು ಟೇಕ್ ತಗೊಂಡಿದ್ರೆ ಸರಿ ಹೋಗ್ತಿತ್ತು, ಇಲ್ಲಿ ಅರ್ಧ ಡೈಲಾಗ್ ಕಿವಿಗೇ ಬೀಳಲ್ಲ. ಹಾಡು ಬಂದಾಗ ಮಾತ್ರ ಬೇರೆ ಯಾರದ್ದೋ ತುಂಬಿದ ದನಿ, ಬಿಲಿ ಕರ್ಟಿಸ್ ಬಾಯಿಗೂ ಆ ದನಿಗೂ ಸಂಬಂಧಾನೇ ಕಾಣಲ್ಲ. ಹಾಡೋ ಕೌಬಾಯ್ ಅನ್ನೋದೇ ಸಿನಿಮಾದ ಅರ್ಧ ಬಂಡವಾಳ ಆಗಿದ್ದಾಗ ಅದನ್ನೂ ಹೀಗೆ ಕೈಬಿಟ್ರೆ ಹೇಗೆ.

ಇಷ್ಟೆಲ್ಲದರ ಮಧ್ಯೆ ಲಿಟಲ್ ಬಿಲಿ ರೋಡ್ಸ್ ಮಾತ್ರ ತನ್ನ ಪಾತ್ರವನ್ನ ಒಂದು ಸೆಕೆಂಡ್ ಕೂಡ ತಮಾಷೆ ಅಂತ ತಗೊಳ್ಳಲ್ಲ. ಮುಖ ಗಂಟು, ನಡಿಗೇಲಿ ಠೀವಿ, ಬೆದರಿಸುವಾಗ ನಿಜವಾಗ್ಲೂ ಬೆದರಿಸ್ತಾರೆ. ಯಾವ ಬಿ ವೆಸ್ಟರ್ನ್‌ಗೂ ಸಲ್ಲೋ ವಿಲನ್. ನಿರ್ದೇಶಕನಿಗಿಂತ ಆ ಕಥೆ ಮೇಲೆ ಜಾಸ್ತಿ ನಂಬಿಕೆ ಇದ್ದಿದ್ದು ಅವರಿಗೇ ಅನ್ಸುತ್ತೆ.

ಈ ಕಲಾವಿದರಿಗೆ ಸರಿಯಾದ ಊರು ಕಟ್ಟಿಕೊಟ್ರೆ ಏನಾಗುತ್ತೆ ಅನ್ನೋದಕ್ಕೆ ಸಾಕ್ಷಿ ಹುಡುಕ್ತಾ ದೂರ ಹೋಗ್ಬೇಕಾಗಿಲ್ಲ. ‘ಟೈನಿ ಟೌನ್’ ಕೊಲಂಬಿಯಾ ಕಂಪನಿ ಮೂಲಕ 1938ರ ಡಿಸೆಂಬರ್‌ನಲ್ಲಿ ರಿಲೀಸ್ ಆಗೋ ಹೊತ್ತಿಗೆ ಇದೇ ತಂಡದ ಎಷ್ಟೋ ಜನ ಕಲ್ವರ್ ಸಿಟಿಯ ಎಂಜಿಎಂ ಸ್ಟುಡಿಯೋದಲ್ಲಿ ‘ದ ವಿಝರ್ಡ್ ಆಫ್ ಆಝ್’ ಶೂಟಿಂಗ್‌ನಲ್ಲಿದ್ರು. ಮಂಚ್ಕಿನ್ ಅನ್ನೋ ಪುಟ್ಟ ಜನ್ರ ಊರಾದ ಮಂಚ್ಕಿನ್‌ಲ್ಯಾಂಡ್ ಸೀನ್‌ನಲ್ಲಿ ಮೇಯರ್ ಆಗಿ ಬರೋದು ನಮ್ಮ ಅಡುಗೆಯ ಚಾರ್ಲಿ ಬೆಕರ್, ವಕೀಲ ಆಗಿ ಲಿಟಲ್ ಬಿಲಿ ರೋಡ್ಸ್, ಬ್ಯಾಲೆ ಮಾಡ್ತಾ ಬರೋ ಮೂವರಲ್ಲಿ ನೀಟಾ ಕ್ರೆಬ್ಸ್ ಮತ್ತೆ ಇವಾನ್ ಮೊರೇ, ಊರಿನ ಹಿರಿಯರಲ್ಲಿ ಒಬ್ಬರಾಗಿ ಬಿಲಿ ಕರ್ಟಿಸ್. ಅಲ್ಲಿ ಮನೆ, ಬಾಗ್ಲು, ಕಿಟಕಿ ಎಲ್ಲ ಅವರ ಅಳತೆಗೆ ಕಟ್ಟಿದ್ದು. ಅದ್ರಿಂದ ಏನಾಯ್ತು ಅಂದ್ರೆ ಆ ಸೀನಲ್ಲಿ ಹೊರಗಿನವಳ ಥರ ಕಾಣೋದು ಆ ಸಿನಿಮಾದ ಹೀರೋಯಿನ್ ಡೊರೊಥಿ. ಅದು ದೊಡ್ಡ ಬಜೆಟ್ ಸಿನಿಮಾ, ಹೋಲಿಸೋದು ಅನ್ಯಾಯ ಅಂತ ನೀವು ಹೇಳ್ಬೋದು, ಒಪ್ತೀನಿ. ಅಲ್ಲೂ ಈ ಕಲಾವಿದರನ್ನೇನು ತಲೆ ಮೇಲೆ ಕೂರಿಸ್ಕೊಂಡಿರ್ಲಿಲ್ಲ, ಹೆಚ್ಚಿನವರ ಹೆಸರು ಟೈಟಲ್ಸ್‌ನಲ್ಲೂ ಬರ್ಲಿಲ್ಲ, ‘ದ ಸಿಂಗರ್ ಮಿಜೆಟ್ಸ್’ ಅಂತ ಒಟ್ಟಾರೆ ಒಂದು ಲೈನ್ ಅಷ್ಟೇ. ಆ ಲೆಕ್ಕದಲ್ಲಿ ‘ಟೈನಿ ಟೌನ್’ಗೆ ಒಂದು ಮಾರ್ಕ್ಸ್ ಜಾಸ್ತಿ ಕೊಡ್ಲೇಬೇಕು: ಹೀರೋ, ಹೀರೋಯಿನ್, ವಿಲನ್ ಎಲ್ಲಾ ಪಾತ್ರವೂ ಅವರದ್ದೇ, ಲವ್ ಸೀನೂ ಅವರಿಗೇ, ಕೊನೇ ಫೈಟೂ ಅವರಿಗೇ. ಹಾಲಿವುಡ್ ಅದಕ್ಕೆ ಮುಂಚೆ ಅದನ್ನ ಕೊಟ್ಟಿದ್ದೂ ಕಮ್ಮಿ, ಆಮೇಲೂ ಕಮ್ಮಿ.

ಇಲ್ಲಿ ನಮ್ಮ ದ್ವಾರಕೀಶ್ ನೆನಪಾಗೋದು ಸಹಜ. 70ರ ದಶಕದಲ್ಲಿ ‘ಕೌಬಾಯ್ ಕುಳ್ಳ’ ಅನ್ನೋ ಸಿನಿಮಾನೇ ಬಂತಲ್ಲ ಕನ್ನಡದಲ್ಲಿ. ಅವರು ಕುಬ್ಜರಲ್ಲ, ಗಿಡ್ಡ ಅಷ್ಟೇ, ಹಾಗಾಗಿ ಎರಡನ್ನೂ ಒಂದೇ ತಕ್ಕಡೀಲಿ ಇಡೋಕಾಗಲ್ಲ. ಆದ್ರೆ ‘ಕುಳ್ಳ’ ಅನ್ನೋದನ್ನ ಅವರು ತಮ್ಮದೇ ಬ್ರ್ಯಾಂಡ್ ಮಾಡ್ಕೊಂಡಿದ್ರು, 1969ರಲ್ಲೇ ರಾಜ್‌ಕುಮಾರ್ ಅವರನ್ನ ಹಾಕಿ ‘ಮೇಯರ್ ಮುತ್ತಣ್ಣ’ ನಿರ್ಮಿಸಿದ್ದ ನಿರ್ಮಾಪಕರು ಬೇರೆ, ಎತ್ತರದ ಜೋಕ್ ಯಾವಾಗ ಹೊಡೀಬೇಕು ಯಾವಾಗ ಬೇಡ ಅನ್ನೋದು ಅವರ ಕೈಲೇ ಇತ್ತು. ಬಿಲಿ ಕರ್ಟಿಸ್ ಕೈಲಿ ಅದು ಇರ್ಲಿಲ್ಲ. ಜೋಕ್ ಬ್ಯೂಲ್‌ದು, ಬಾಗ್ಲು ಬ್ಯೂಲ್‌ದು, ನಡ್ಕೊಂಡು ಹೋಗೋ ಕೆಲಸ ಮಾತ್ರ ಇವರದ್ದು.

‘ಟೈನಿ ಟೌನ್’ಗೆ ಎರಡನೇ ಭಾಗ ಬರ್ಲಿಲ್ಲ. ಬರೋಕೆ ಸಾಧ್ಯನೂ ಇರ್ಲಿಲ್ಲ ಅನ್ನಿ, ಬಾಗ್ಲ ಕೆಳಗೆ ಇನ್ನೊಂದು ಸಲ ಹೋದ್ರೆ ಯಾರು ನಗ್ತಾರೆ. ಜೀನ್ ಆಟ್ರಿದು 1935ರಲ್ಲಿ ‘ದ ಫ್ಯಾಂಟಮ್ ಎಂಪೈರ್’ ಅಂತ ಒಂದು ಸೀರಿಯಲ್ ಇದೆ, ರ‍್ಯಾಂಚ್ ಕೆಳಗೆ ಭೂಗತ ಸಾಮ್ರಾಜ್ಯ, ರೋಬೋಟು, ರಾಣಿ, ಮಧ್ಯೆ ಕೌಬಾಯ್ ಹೋಗಿ ರೇಡಿಯೋ ಪ್ರೋಗ್ರಾಮ್‌ಗೆ ಹಾಡಿ ಬರ್ಬೇಕು, ಐಡಿಯಾ ಇದಕ್ಕಿಂತ ಹತ್ತು ಪಟ್ಟು ಹುಚ್ಚು, ಅದೂ ಚೀಪ್ ಪ್ರೊಡಕ್ಷನ್ನೇ. ಆದ್ರೆ ಅದನ್ನ ಮಾಡಿದೋರು ಒಂದ್ಸಲವೂ ಪ್ರೇಕ್ಷಕನ ಕಡೆ ತಿರುಗಿ ಕಣ್ಣು ಹೊಡೆಯಲ್ಲ, ಅದಕ್ಕೇ ಹನ್ನೆರಡು ಕಂತು ಎಳೆದ್ರೂ ನೋಡಿಸ್ಕೊಂಡು ಹೋಗುತ್ತೆ.

ಬಿಲಿ ಕರ್ಟಿಸ್ ಮಾತ್ರ ಕೆಲಸ ಮಾಡ್ತಾನೇ ಇದ್ರು, ಐವತ್ತು ವರ್ಷದ ಹತ್ರ, ಸಿನಿಮಾ, ಟೀವಿ ಎಲ್ಲ ಕಡೆ. 1957ರಲ್ಲಿ ನಟ ಬಿಲಿ ಬಾರ್ಟಿ ನೆವಾಡದ ರೀನೋ ಊರಲ್ಲಿ ಕುಬ್ಜರನ್ನೆಲ್ಲ ಸೇರಿಸಿ ‘ಲಿಟಲ್ ಪೀಪಲ್ ಆಫ್ ಅಮೆರಿಕ’ ಶುರು ಮಾಡಿದ್ಮೇಲೆ ಇಂಥ ಪಾತ್ರಗಳ ಬಗ್ಗೆ ಮಾತಾಡೋ ರೀತಿನೂ ನಿಧಾನಕ್ಕೆ ಬದಲಾಯ್ತು. 1973ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿದ ‘ಹೈ ಪ್ಲೇನ್ಸ್ ಡ್ರಿಫ್ಟರ್’ನಲ್ಲಿ ಕರ್ಟಿಸ್ ಮತ್ತೆ ಕೌಬಾಯ್ ಊರಿಗೆ ಬಂದ್ರು, ಮಾರ್ಡೆಕಾಯ್ ಅನ್ನೋ ಪಾತ್ರ. ಆ ಊರಲ್ಲಿ ಎಲ್ರೂ ಅವನನ್ನ ಗೇಲಿ ಮಾಡ್ತಿರ್ತಾರೆ, ಹೊರಗಿಂದ ಬಂದ ಅಪರಿಚಿತ ಅವನನ್ನೇ ಶೆರಿಫ್ ಮಾಡ್ತಾನೆ, ಮೇಯರ್ರೂ ಮಾಡ್ತಾನೆ, ಕೊನೇಲಿ ಆ ಅಪರಿಚಿತನ ಬೆನ್ನಿಗೆ ಗುಂಡು ಹೊಡೆಯೋಕೆ ಹೊರಟವನನ್ನ ಹೊಡೆದು ಉರುಳಿಸೋದೂ ಮಾರ್ಡೆಕಾಯೇ. ಅಲ್ಲೂ ಅವನ ಎತ್ತರ ನೋಡಿ ನಗೋರಿದಾರೆ, ಆದ್ರೆ ಅವರು ಪರದೆ ಒಳಗಿರೋ ಪಾತ್ರಗಳು, ಮತ್ತೆ ಆ ಊರಿನೋರೆಲ್ಲ ಎಂಥ ಹೇಡಿಗಳು ಅಂತ ಕಥೆ ತೋರಿಸ್ತಾನೇ ಹೋಗುತ್ತೆ.

‘ಟೈನಿ ಟೌನ್’ ಈಗ ಕಾಪಿರೈಟ್ ಇಲ್ಲದ ಸಿನಿಮಾ, ಫ್ರೀಯಾಗಿ ಸಿಗುತ್ತೆ, ಪ್ರಿಂಟ್ ಮಾತ್ರ ಹೆಚ್ಚಿನ ಕಡೆ ಮಸುಕು ಮಸುಕು. ಇತಿಹಾಸಕ್ಕೆ ಅಂತ ನೋಡೋದಾದ್ರೆ ಮೊದಲ ಹತ್ತು ನಿಮಿಷ, ಆ ಬಾತುಕೋಳಿ ಸೀನು, ಆಮೇಲೆ ಲಿಟಲ್ ಬಿಲಿ ಇರೋ ಸೀನುಗಳು ಸಾಕು, ಹಾಡುಗಳನ್ನ ಓಡಿಸ್ಕೊಂಡು ಹೋದ್ರೂ ಏನೂ ತಪ್ಪಿಹೋಗಲ್ಲ.